ಇಪ್ಪತ್ತೇಳು ತಿರುವು, ಹದಿನಾಲ್ಕು ರಸಬಾಳೆ

ಬದರೀನಾರಾಯಣನಿಗೆ ಬಸ್ಸು ಆಗಿಬರುತ್ತಿರಲಿಲ್ಲ. ಹತ್ತಿ ಕೂತು, ಕಂಡಕ್ಟರು ಸೀಟಿ ಊದುವಷ್ಟರಲ್ಲಿ ಬಾಯಲ್ಲಿ ನೀರೂರುತ್ತಿತ್ತು. ನಂಜನಗೂಡಿನ ಹೊಳೆ ದಾಟುವ ಮೊದಲೇ ತಲೆ ಕಿಟಕಿಯಿಂದಾಚೆ ಇರುತ್ತಿತ್ತು. ನಿಂಬೆಹಣ್ಣು ಮೂಸಿದ್ದಾಯಿತು, ಶುಂಠಿ ಅಗಿದದ್ದಾಯಿತು, ರಾಯರ ಮಠದ ಮಂತ್ರಾಕ್ಷತೆ ತಲೆಗೆ ಹಾಕಿಕೊಂಡು ಹತ್ತಿದ್ದೂ ಆಯಿತು. ಡೀಸೆಲ್ಲಿನ ವಾಸನೆ ಯಾವುದಕ್ಕೂ ಬಗ್ಗಲಿಲ್ಲ.

ಹಾಗಾಗಿ ಅವನು ಹೋದಲ್ಲೆಲ್ಲ ಸೈಕಲ್ಲಿನಲ್ಲೇ ಹೋದ. ಟಿ. ನರಸೀಪುರದ ಹೈಸ್ಕೂಲಿನಲ್ಲಿ ಸಂಸ್ಕೃತದ ಮೇಷ್ಟರ ಕೆಲಸ ಸಿಕ್ಕಿದಾಗ, ಅಲ್ಲೇ ಮನೆ ಮಾಡು ಎಂದರು ಎಲ್ಲರೂ. ತಾಯಿ ಜಲಜಮ್ಮ ನಂಜನಗೂಡಿನ ಮಠದ ಬೀದಿ ಬಿಟ್ಟು ಬರಲೊಲ್ಲರು. ಇವನು ದಿನಾ ಹದಿನೇಳು ಮೈಲಿ ಹೋಗಿ ಹದಿನೇಳು ಮೈಲಿ ಬರತೊಡಗಿದ. ಹೆಡತಲೆ ಕಡೆಯಿಂದ ಹಾಲು ತರುವವರು ಅವನನ್ನು ನೋಡಿ ಹೊತ್ತು ತಿಳಿಯುತ್ತಿದ್ದರು. ಮಳೆ ಬಂದರೆ ಪಂಚೆಯನ್ನು ಬಿಗಿಯಾಗಿ ಎತ್ತಿ ಕಟ್ಟಿ, ಪುಸ್ತಕದ ಚೀಲಕ್ಕೆ ಗೊಬ್ಬರದ ಪ್ಲಾಸ್ಟಿಕ್ ಹೊದಿಸಿ, ತಾನು ನೆನೆದುಕೊಂಡು ಬರುತ್ತಿದ್ದ. ಹದಿನೈದು ವರ್ಷದಲ್ಲಿ ಮೊದಲ ಪೀರಿಯಡ್ಡಿಗೆ ತಡವಾದದ್ದು ಎರಡೇ ಸಲ. ಅದೇ ಶಾಲೆಗೆ ಬಸ್ಸಿನಲ್ಲಿ ಬರುತ್ತಿದ್ದ ಲೆಕ್ಕದ ಮೇಷ್ಟರು ಶ್ರೀಕಂಠ, ಅವನ ಬಾಲ್ಯದ ಗೆಳೆಯ, ವಾರಕ್ಕೆರಡು ಸಲ ತಡವಾಗಿ ಬಂದು ಬೈಸಿಕೊಳ್ಳುತ್ತಿದ್ದ.

ಹೆಣ್ಣು ನೋಡಲೂ ಸೈಕಲ್ಲೇ. ಕೊಳ್ಳೇಗಾಲದಲ್ಲಿ ಒಂದು ಸಂಬಂಧ ಬಂತು. ಜಲಜಮ್ಮ ಮತ್ತು ಮನೆಯವರೆಲ್ಲ ಬಸ್ಸಿನಲ್ಲಿ ಹೊರಟರು, ವರ ಬೆಳಗಿನ ಜಾವವೇ ಪೆಡಲು ತುಳಿಯತೊಡಗಿದ. ಮಧ್ಯೆ ಬಸ್ಸು ಕೆಟ್ಟು ನಿಂತದ್ದರಿಂದ ಇವನೇ ಮೊದಲು ಹೋಗಿ ಮುಟ್ಟಿದ. ಕಾಲಿಗೆ ಕ್ಲಿಪ್ಪು, ಮೈಯೆಲ್ಲ ಧೂಳು, ಬಾಗಿಲಲ್ಲಿ ನಿಂತು ಬೆಲ್ಲು ಹೊಡೆದವನನ್ನು ಕಂಡು ಹುಡುಗಿಯ ತಂದೆ, "ತಂತಿ ಎಲ್ಲಿಂದಪ್ಪಾ?" ಎಂದು ಗಾಬರಿಯಿಂದ ಕೈ ಚಾಚಿದರಂತೆ. ಆ ಸಂಬಂಧ ಕೂಡಲಿಲ್ಲ. ಆಮೇಲಿನವೂ ಕೂಡಲಿಲ್ಲ. ಅವನು ಅದಕ್ಕೆ ಬಹಳ ನೊಂದಂತೆ ಕಾಣಲಿಲ್ಲ. ನೊಂದಿದ್ದರೂ ಹೇಳುವ ಪೈಕಿಯಲ್ಲ.

ಅವನು ಹೋಗಿ ಈಗ ಎರಡು ತಿಂಗಳು. ಕಾಮಾಲೆ ಬಂತು, ಮೂರು ವಾರದಲ್ಲಿ ಮುಗಿಯಿತು. ನಲವತ್ತೆರಡು ವಯಸ್ಸು. ಮೈಸೂರಿನ ಆಸ್ಪತ್ರೆಗೆ ಸಾಗಿಸಲು ಕಾರು ತಂದಾಗ, ಹಳದಿ ಕಣ್ಣು ತೆರೆದು, "ನೀವು ಮುಂದೆ ನಡೀರೋ, ನಾನು ಸೈಕಲ್ಲಲ್ಲಿ ಬರ್ತೀನಿ" ಎಂದಿದ್ದ.

ಬದರಿಯ ಹೆಸರು ಹೇಳಿದರೆ ಎರಡೂ ಊರಿನವರಿಗೆ ನೆನಪಾಗುವುದು ಆನೆಯ ಕತೆ. ದಿಂಬಂ ಘಾಟಿಯಲ್ಲಿ ಒಂಟಿ ಸಲಗ ಸೈಕಲ್ಲಿಗೆ ಅಡ್ಡ ನಿಂತದ್ದು, ಮೇಷ್ಟರು ಅದಕ್ಕೆ ಒಂದು ರಸಬಾಳೆ ಕೊಟ್ಟದ್ದು, ಅದು ಸೊಂಡಿಲೆತ್ತಿ ದಾರಿ ಬಿಟ್ಟದ್ದು. ಸ್ಟಾಫ್ ರೂಮಿನಲ್ಲಿ, ಮಠದ ಪಂಕ್ತಿಯಲ್ಲಿ ಅದನ್ನು ಹೇಳಿಸದೆ ಯಾರೂ ಬಿಡುತ್ತಿರಲಿಲ್ಲ. ಎರಡು ವರ್ಷಕ್ಕೊಂದು ಆನೆ ಹೆಚ್ಚಾಗಿ, ಕೊನೆಕೊನೆಗೆ ಮರಿಯೂ ಸೇರಿ ಐದಾಗಿದ್ದವು. ಆದರೆ ಆ ದಿನ ನಡೆದದ್ದು ಬೇರೆ. ಅದನ್ನು ಇದ್ದದ್ದು ಇದ್ದ ಹಾಗೆ ಹೇಳಿದರೆ ಅವನ ಮೇಲಿನ ಪ್ರೀತಿ ಹೆಚ್ಚಾಗುವುದೇ ಹೊರತು ಕಡಿಮೆಯಾಗುವುದಿಲ್ಲ.

ಅವನಿಗೆ ಒಬ್ಬಳೇ ತಂಗಿ, ಚಂಪಕ. ಹತ್ತು ವರ್ಷ ಚಿಕ್ಕವಳು. ತಂದೆ ಬೇಗ ಹೋದದ್ದರಿಂದ ಅವಳನ್ನು ಕ್ಯಾರಿಯರಿನ ಮೇಲೆ ಕೂರಿಸಿಕೊಂಡು ಸ್ಕೂಲಿಗೆ ಬಿಟ್ಟವನು, ಸೀರೆ ಉಡುವಂತಾದಾಗ ಮೊದಲ ಸೀರೆ ತಂದವನು ಬದರಿಯೇ. ಎಪ್ಪತ್ತಾರರಲ್ಲಿ ಅವಳನ್ನು ಸತ್ಯಮಂಗಲಕ್ಕೆ ಕೊಟ್ಟರು. ಚಾಮರಾಜನಗರ ದಾಟಿ, ಪುಣಜನೂರಿನ ಕಾಡು ಹತ್ತಿ, ಹಾಸನೂರು, ದಿಂಬಂ, ಅಲ್ಲಿಂದ ಇಪ್ಪತ್ತೇಳು ತಿರುವು ಇಳಿದರೆ ಸಿಗುವ ತಮಿಳು ಸೀಮೆಯ ಊರು. ಮನೆಮಾತು ಕನ್ನಡವೇ, ಒಳ್ಳೆಯ ಮನೆತನ. ಒಂದೇ ತೊಡಕೆಂದರೆ ಆ ಇಪ್ಪತ್ತೇಳು ತಿರುವು. ನಂಜನಗೂಡಿನ ಹೊಳೆಯನ್ನೇ ದಾಟಲಾಗದ ಹೊಟ್ಟೆ ದಿಂಬಂ ಘಾಟಿಯ ಬಸ್ಸಿನಲ್ಲಿ ಏನಾಗಬೇಕು?

ಮೂರು ವರ್ಷ ಅವನು ತಂಗಿಯ ಮನೆಯ ಹೊಸ್ತಿಲು ತುಳಿಯಲಿಲ್ಲ. ಗೌರಿಹಬ್ಬಕ್ಕೆ ಅಣ್ಣ ತಾನೇ ಬಾಗಿನ ಒಯ್ಯಬೇಕು. ಇವನು ಮನಿಯಾರ್ಡರ್ ಮಾಡುತ್ತಿದ್ದ. ಚಂಪಕಳ ಅತ್ತೆ ರಂಗನಾಯಕಿಯಮ್ಮನವರ ನಾಲಿಗೆ ಚುರುಕು. ಪೋಸ್ಟ್‌ಮ್ಯಾನು ಬಂದಾಗಲೆಲ್ಲ, "ಚಂಪಕಾ, ನಿಮ್ಮಣ್ಣ ಬಂದಿದಾನೆ ನೋಡು, ಕಾಫಿ ಕೊಟ್ಟು ಕಳಿಸು" ಎನ್ನುತ್ತಿದ್ದರಂತೆ. ಚಂಪಕ ಇದನ್ನು ತಮಾಷೆಯೆಂಬಂತೆ ಕಾಗದದಲ್ಲಿ ಬರೆದಳು. ಬದರಿ ಅದನ್ನು ಓದಿ ತಮಾಷೆಯೆಂದುಕೊಳ್ಳಲಿಲ್ಲ.

ಎಪ್ಪತ್ತೊಂಬತ್ತರ ಮಾಘ ಮಾಸದಲ್ಲಿ ಇನ್ನೊಂದು ಕಾಗದ ಬಂತು. ನಾಲ್ಕೇ ಸಾಲು. "ಅಣ್ಣಾ, ಐದು ತಿಂಗಳಾಯಿತು. ಬಾಯಿಗೆ ಯಾವುದೂ ಸೇರುತ್ತಿಲ್ಲ. ನಮ್ಮೂರಿನ ರಸಬಾಳೆ ತಿನ್ನಬೇಕು ಅನ್ನಿಸುತ್ತಿದೆ. ಪೋಸ್ಟಿನಲ್ಲಿ ಕಳಿಸಬೇಡ."

ಕೊನೆಯ ಸಾಲನ್ನು ಅವನು ಎಷ್ಟು ಸಲ ಓದಿದನೋ. ಆವತ್ತು ಸಂಜೆಯೇ ಶ್ರೀಕಂಠನಿಗೆ ಹೇಳಿದ: "ಭಾನುವಾರ ಹೋಗ್ತೀನಿ. ಸೈಕಲ್ಲಲ್ಲಿ."

"ಘಾಟಿ ಕಣೋ ಅದು! ಅರವತ್ತೈದು ಮೈಲಿ. ಆನೆ ಇರೋ ಕಾಡು."

"ಅವಳು ಮೊದಲನೇ ಸಲ ಬಾಯಿಬಿಟ್ಟು ಕೇಳಿದಾಳೆ ಕಣೋ" ಎಂದ ಬದರಿ. ಅಲ್ಲಿಗೆ ಮಾತು ಮುಗಿಯಿತು.

ಹಣ್ಣಿಗಾಗಿ ಕಳಲೆಗೆ ಹೋದ. ಅಲ್ಲಿ ಪುಟ್ಟಬಸವಯ್ಯ ಎಂಬ ರೈತರ ತೋಟದ ರಸಬಾಳೆಗೆ ಹೆಸರಿತ್ತು. ವಿಷಯ ಕೇಳಿ ಅವರು ಗೊನೆ ಮುಟ್ಟಿ ನೋಡುತ್ತ, "ಬಲಿತ ಕಾಯಿ ಕೊಡ್ತೀನಿ ಮೇಷ್ಟ್ರೇ. ಉಲ್ಲಲ್ಲಿ ಸುತ್ತಿ ಮಡಗಿದ್ರೆ ಅಲ್ಲೋಗಿ ನಾಕ್ ದಿನಕ್ಕೆ ಅಣ್ಣಾಯ್ತವೆ. ಮಾಗಿದ ರಸಬಾಳೆ ಅಂದ್ರೆ ಎಳೆಮಗ ಇದ್ದಂಗೆ ಕಣ್ರೀ, ಬೆಳ್ಳು ತಾಕಿದ್ರೂ ನೋಯ್ತದೆ" ಎಂದರು.

ಬುದ್ಧಿವಂತರ ಮಾತು. ಕೇಳಬೇಕಿತ್ತು. ಆದರೆ ಮನೆಯಲ್ಲಿ ಜಲಜಮ್ಮ ಕೆಂಡವಾದರು. "ಬಯಕೆಯವಳ ಕೈಗೆ ಕಾಯಿ ಕೊಟ್ಟು, ನಾಲ್ಕು ದಿನ ನೋಡ್ತಾ ಕೂತಿರು ಅಂತೀಯೇನೋ? ತೌರಿಂದ ಹೋದದ್ದು ಆವತ್ತೇ ಬಾಯಿಗೆ ಇಡೋ ಹಾಗಿರಬೇಕು. ಇಲ್ಲದಿದ್ರೆ ಹುಟ್ಟೋ ಕೂಸಿನ ಕಿವಿ ಸೋರುತ್ತೆ."

ವ್ಯಾಕರಣದ ಸೂತ್ರಕ್ಕೆ ಅಪವಾದ ಹುಡುಕಬಲ್ಲ ಬದರಿ ತಾಯಿಯ ಸೂತ್ರಕ್ಕೆ ಹುಡುಕಲಿಲ್ಲ. ಶನಿವಾರ ಸಂಜೆ, ಸಿಪ್ಪೆಯ ಮೇಲೆ ಆಗತಾನೇ ಕಪ್ಪು ಚುಕ್ಕೆ ಮೂಡಿದ್ದ ಒಂದು ಚಿಪ್ಪು ತಂದ. ಹದಿನಾಲ್ಕು ಹಣ್ಣು. ಮನೆಯೆಲ್ಲ ಘಮಘಮ. ಜಲಜಮ್ಮ ಎಣಿಸಿ, ಬೀಗಿತ್ತಿಗೆ ಬರೆದ ಚೀಟಿಯಲ್ಲಿ "ಹದಿನಾಲ್ಕು ರಸಬಾಳೆ, ಒಂದು ಕುಪ್ಪಸದ ಕಣ" ಎಂದು ಕಾಣಿಸಿದರು.

ಕ್ಯಾರಿಯರಿಗೆ ಕಟ್ಟಿದರೆ ಚಾಮರಾಜನಗರ ಬರುವಷ್ಟರಲ್ಲಿ ರಸಾಯನ. ಹ್ಯಾಂಡಲಿಗೆ ತೂಗುಹಾಕಿದರೆ ಇನ್ನೂ ಬೇಗ. ಬದರಿ ಬಹಳ ಯೋಚಿಸಿ ಕಂಡುಕೊಂಡದ್ದು ಇಷ್ಟು: ಸೈಕಲ್ಲು ಎಷ್ಟು ಕುಣಿದರೂ ಸವಾರನ ಹೊಟ್ಟೆ ಅಷ್ಟು ಕುಣಿಯುವುದಿಲ್ಲ. ಒಣ ಬಾಳೆಲೆ ಸುತ್ತಿ, ಹಳೆಯ ಮೆತ್ತನೆಯ ಪಂಚೆಯಲ್ಲಿ ಚಿಪ್ಪನ್ನು ಹೊಟ್ಟೆಗೆ ಕಟ್ಟಿಕೊಂಡು, ಮೇಲೆ ಅಂಗಿ ಗುಂಡಿ ಹಾಕಿದ. ಭಾನುವಾರ ಬೆಳಗ್ಗೆ ನಾಲ್ಕೂವರೆಗೆ ಬೀಳ್ಕೊಡಲು ಬಂದ ಶ್ರೀಕಂಠ ಅವನನ್ನು ಮೇಲಿಂದ ಕೆಳಗೆ ನೋಡಿ, ನಗು ತಡೆಯಲು ಬೇರೆ ಕಡೆ ತಿರುಗಿಕೊಂಡ.

ಸೈಕಲ್ಲಿನ ಮೇಲೆ ಒಬ್ಬನೇ ಇರುವಾಗ ಬದರಿಯಷ್ಟು ಸುಖಿ ಇನ್ನೊಬ್ಬನಿರಲಿಲ್ಲ. ಹುಣಸೆಮರಗಳ ಸಾಲು, ಡೈನಮೋ ಗುಂಯ್‌ಗುಡುವ ಸದ್ದು, ಹಾರಕ ರಾಗಿ ಒಣಹಾಕಿದ ರಸ್ತೆಯಂಚು, ಮೆಲ್ಲಗೆ ಬೆಳ್ಳಗಾಗುವ ಮೂಡಲು. ಏಳೂವರೆಗೆ ಚಾಮರಾಜನಗರ ದಾಟಿ, ಒಂದು ಕಲ್ಲಿನ ಮೇಲೆ ಕೂತು ತಾಯಿ ಕಟ್ಟಿಕೊಟ್ಟ ಗೊಜ್ಜವಲಕ್ಕಿ ತಿಂದ. ಪಕ್ಕದಲ್ಲಿ ಲಾರಿ ನಿಲ್ಲಿಸಿ ಟೈರು ತಟ್ಟಿ ನೋಡುತ್ತಿದ್ದ ಡ್ರೈವರು ಮಂಟೇಸ್ವಾಮಿ ಈ ತೆಳ್ಳನೆಯ ಮನುಷ್ಯನ ದಪ್ಪ ಹೊಟ್ಟೆ ಕಂಡು, "ಎಷ್ಟು ತಿಂಗ್ಳು ಸಾ?" ಎಂದ.

"ಐದು" ಎಂದ ಬದರಿ. ಅವನ ತಲೆಯಲ್ಲಿ ಇದ್ದದ್ದು ತಂಗಿಯ ಲೆಕ್ಕ.

ಮಂಟೇಸ್ವಾಮಿ ನಕ್ಕು ನಕ್ಕು ಟೈರಿಗೆ ಒರಗಿಕೊಂಡ.

ಅಲ್ಲಿಂದ ಏರು. ಏರಿಗೆ ಬದರಿಯ ಉಪಾಯ ಶಬ್ದಮಂಜರಿ. ರಾಮಃ ಎನ್ನುವಾಗ ಬಲಗಾಲು, ರಾಮೌ ಎನ್ನುವಾಗ ಎಡಗಾಲು, ರಾಮಾಃ ಎಂದು ಉಸಿರು ಬಿಡುವುದು. ಪ್ರಥಮಾದಿಂದ ಸಪ್ತಮಿಯವರೆಗೆ ಹೋಗಿ ಸಂಬೋಧನೆಗೆ ಬರುವಷ್ಟರಲ್ಲಿ ಎಂಥ ಏರೂ ಸ್ವಲ್ಪ ತಗ್ಗುತ್ತಿತ್ತು. ತಗ್ಗದಿದ್ದರೆ ಹರಿಶಬ್ದ, ಆಮೇಲೆ ಗುರುಶಬ್ದ. ಪುಣಜನೂರಿನ ಕಾಡಿನಲ್ಲಿ ಆವತ್ತು ಬಿದಿರು ಮೆಳೆಗಳಿಗೆ ಬಹಳಷ್ಟು ವ್ಯಾಕರಣ ಕೇಳಿಸಿತು. ರಸ್ತೆಯ ನಡುವೆ ಆನೆಯ ಲದ್ದಿ ಬಿದ್ದಿತ್ತು, ಇನ್ನೂ ಹಬೆಯಾಡುತ್ತಿತ್ತು. ಬದರಿ ಅದನ್ನು ಬಳಸಿ ಹೋದ. ಹೆದರಿಕೆ ಅವನಿಗೆ ಆಗ ಹೊಳೆಯಲಿಲ್ಲ.

ಹೊಳೆಸಿದವಳು ಹಾಸನೂರಿನ ಟೀ ಅಂಗಡಿಯ ಚಿಕ್ಕಮಾದಮ್ಮ. ಇವನು ಬೆಂಚಿನ ಮೇಲೆ ಕೂತದ್ದೇ ತಡ, ಅವಳ ಮೂಗು ಅರಳಿತು.

"ಏನ್ ಸಾಮಿ ಅದು, ಈ ಪಾಟಿ ಗಮಲು?"

"ರಸಬಾಳೆ ಹಣ್ಣು ಕಣಮ್ಮ. ನನ್ನ ತಂಗಿಗೆ."

"ಮಾಗಿದ್ ಬಾಳೆಅಣ್ಣ ಒಟ್ಟೆಗೆ ಕಟ್ಕಂಡು ಆನೆ ಕಾಡಲ್ಲಿ ಬೈಸಿಕಲ್ ತುಳೀತೀಯಾ!" ಅವಳು ಎದೆಗೆ ಕೈಯಿಟ್ಟುಕೊಂಡಳು. "ಮೂರು ಮೈಲಿ ದೂರದಿಂದ ವಾಸ್ನೆ ಇಡೀತವೆ ಸಾಮಿ. ಮುಂದಲ ಅಳ್ಳದ ತಾವು ನೆನ್ನೆಯಿಂದ ಇಂಡು ಬಿದ್ದದೆ. ಅಣ್ಣು ಇಲ್ಲೇ ಮಡಗ್ಬುಟ್ಟು ವೋಗು."

ಬದರಿ ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡ. ಮೂರು ವರ್ಷ ಮುಖ ತೋರಿಸದವನು, ಬರಿಗೈಯಲ್ಲಿ ಹೋಗಿ ನಿಲ್ಲುವುದು ಹೇಗೆ? ಕಾಯಿ ಒಯ್ದಿದ್ದರೆ ವಾಸನೆಯೇ ಇರುತ್ತಿರಲಿಲ್ಲ. ಪುಟ್ಟಬಸವಯ್ಯನವರ ಮಾತು ಈಗ ಅರ್ಥವಾಯಿತು. "ಬಿಟ್ಟು ಹೋಗೋದಾದ್ರೆ ವಾಪಸ್ಸೇ ಹೋಗ್ತೀನಮ್ಮ" ಎಂದ. ಅವನ ಮುಖ ನೋಡಿ ಅವಳು ಒಳಗೆ ಹೋಗಿ, ಎಲೆಯಡಿಕೆಗೆ ಹಾಕುವ ಹೊಗೆಸೊಪ್ಪಿನ ಅಗಲವಾದ ಎಲೆಗಳನ್ನು ಒಂದು ಹಿಡಿ ತಂದಳು. "ಇದ್ರ ಗಾಟಿಗೆ ಆನೆ ಮೂಗು ತಿರುಗಿಸ್ತದೆ. ಸುತ್ಕೋ."

ರಾಯರ ಮಠದ ಬೀದಿಯ ಬದರೀನಾರಾಯಣಾಚಾರ್ಯ, ಜನ್ಮದಲ್ಲಿ ನಶ್ಯವನ್ನೂ ಮುಟ್ಟದವನು, ಹಾಸನೂರಿನ ಟೀ ಅಂಗಡಿಯ ಹಿಂದೆ ನಿಂತು ಅಂಗಿ ಬಿಚ್ಚಿ ಹೊಗೆಸೊಪ್ಪು ಸುತ್ತಿಕೊಂಡ. ಒಣ ಬಾಳೆಲೆಯ ಮೇಲೆ ಒಂದು ಸುತ್ತು. ಸಾಲದೇನೋ ಅನ್ನಿಸಿ, ಪಂಚೆಗೂ ಮೈಗೂ ನಡುವೆ ಇನ್ನೊಂದು ಸುತ್ತು.

ಹಳ್ಳ ಬಂತು, ಹೋಯಿತು. ಬಿದಿರು ಮುರಿಯುವ ಸದ್ದು ಒಂದು ಸಲ ಕೇಳಿಸಿತು. ಬದರಿ ಬೆಲ್ಲು ಹೊಡೆಯುವುದೋ ಬಿಡುವುದೋ ತಿಳಿಯದೆ, ಹೆಬ್ಬೆರಳನ್ನು ಬೆಲ್ಲಿನ ಮೇಲಿಟ್ಟುಕೊಂಡೇ ತುಳಿದ. ಆನೆ ಬರಲಿಲ್ಲ. ಆ ದಿನ ಅವನು ಒಂದು ಆನೆಯನ್ನೂ ನೋಡಲಿಲ್ಲ.

ಬಂದದ್ದು ಬೇರೆ. ದಿಂಬಂ ಮುಟ್ಟುವ ಹೊತ್ತಿಗೆ ನೆತ್ತಿ ಸುಡುವ ಬಿಸಿಲು. ಬೆವರು ಹೊಟ್ಟೆಯ ಗಂಟಿನೊಳಗೆ ಇಳಿದು ಸೊಪ್ಪು ತೊಯ್ದಿತ್ತು. ಕೆಳಗೆ ತಮಿಳು ಸೀಮೆಯ ಬಯಲು ಮಬ್ಬುಮಬ್ಬಾಗಿ ಹರಡಿತ್ತು. ಅದನ್ನು ನೋಡಿ ಸಂತೋಷಪಡಬೇಕೆನ್ನುವಷ್ಟರಲ್ಲಿ ಬಯಲು ಒಂದು ಸುತ್ತು ತಿರುಗಿತು. ಬಿಸಿಲಿಗೆ ಇರಬೇಕು ಅಂದುಕೊಂಡ. ಇಳಿಯತೊಡಗಿದ. ಎರಡೂ ಬ್ರೇಕು ಒತ್ತಿ ಹಿಡಿದು ಮೊದಲ ತಿರುವು, ಎರಡನೆಯದು. ಮೂರನೆಯದರಲ್ಲಿ ಬಾಯಲ್ಲಿ ನೀರೂರಿತು. ಆ ನೀರಿನ ಗುರುತು ಅವನಿಗೆ ಚೆನ್ನಾಗಿತ್ತು. ಸೈಕಲ್ಲನ್ನು ತಡೆಗೋಡೆಗೆ ಒರಗಿಸಿ, ಗಂಟು ಒತ್ತಿಹೋಗದ ಹಾಗೆ ಎರಡು ಕೈಯಲ್ಲೂ ಎತ್ತಿ ಹಿಡಿದು, ಬಗ್ಗಿದ.

ಗೊಜ್ಜವಲಕ್ಕಿ ಹೋಯಿತು. ಐದನೆಯ ತಿರುವಿನಲ್ಲಿ ಚಿಕ್ಕಮಾದಮ್ಮನ ಟೀ ಹೋಯಿತು. ಆಮೇಲೆ ಹೋಗಲು ಏನೂ ಉಳಿದಿರಲಿಲ್ಲ, ಆದರೂ ಹೋಗುತ್ತಿತ್ತು. ಕೈಕಾಲು ನಡುಗಿ, ಸೈಕಲ್ಲು ತಳ್ಳಿಕೊಂಡು, ತಿರುವಿಗೊಂದು ಸಲ ಕೂತು ಏಳುತ್ತ ಹನ್ನೊಂದನೆಯದಕ್ಕೆ ಬಂದ. ಅಲ್ಲಿ, ಹಾಸನೂರಿನಲ್ಲಿ ಬಿದಿರು ತುಂಬಿಕೊಂಡು ಬಂದ ಒಂದು ಲಾರಿ ಬ್ರೇಕು ಆರಲೆಂದು ನಿಂತಿತ್ತು.

"ಅರೆ, ಐದು ತಿಂಗ್ಳು ಸಾ!" ಮಂಟೇಸ್ವಾಮಿ ಓಡಿಬಂದ. "ಏನಾಯ್ತು? ಬನ್ನಿ, ಲಾರಿ ಅತ್ತಿ. ಗಾಟಿ ಕೆಳಗೆ ಬಣ್ಣಾರಿ ತಾವ ಇಳಿಸ್ತೀನಿ."

"ಬೇಡಪ್ಪ. ಲಾರಿ ಬಸ್ಸು ಹತ್ತಿದ್ರೆ ನನಗೆ ವಾಂತಿ ಆಗುತ್ತೆ."

ಮಂಟೇಸ್ವಾಮಿ ಸೊಂಟದ ಮೇಲೆ ಕೈಯಿಟ್ಟ. "ಮತ್ತೆ ಈಗೇನ್ ಮಾಡ್ತಾ ಇದ್ದೀರಿ ಸಾ?"

ಬದರಿ ಹೊಟ್ಟೆ ಹಿಡಿದುಕೊಂಡೇ ನಕ್ಕ. ಮೂವತ್ತಮೂರು ವರ್ಷ ಯಾವುದಕ್ಕೆ ಹೆದರಿ ಬಸ್ಸು ಹತ್ತಿರಲಿಲ್ಲವೋ ಅದು ಸೈಕಲ್ಲಿನ ಮೇಲೇ ಬಂದಿತ್ತು, ಬಂದರೂ ಪ್ರಾಣವೇನೂ ಹೋಗಿರಲಿಲ್ಲ.

ಗಂಟು ಬಿಚ್ಚಿಸಿ ನೋಡಿದ ಮಂಟೇಸ್ವಾಮಿಗೆ ವಿಷಯ ತಿಳಿಯಿತು. "ಒಗೆಸೊಪ್ಪು ಬರೀ ಮೈಗೆ ಕಟ್ಕಂಡು ಬೆವ್ರಿದ್ದೀರಲ್ಲ ಸಾ! ನಮ್ ಭಾವನ ಒಲದಲ್ಲಿ ಒದ್ದೆ ಸೊಪ್ಪು ಮುರಿಯೋ ಆಳುಗೋಳೇ ತಲೆ ತಿರುಗಿ ಬೀಳ್ತಾರೆ." ಸೊಪ್ಪನ್ನೆಲ್ಲ ಕಿತ್ತು ಪ್ರಪಾತಕ್ಕೆ ಎಸೆದು, ಕ್ಯಾನಿನ ನೀರಿನಲ್ಲಿ ಅವನ ಮೈ ತೊಳೆಸಿದ. "ಲಾರಿ ಬ್ಯಾಡಾಂದ್ರೆ ಬುಡಿ. ಒಂದು ಅಣ್ಣು ತಿನ್ನಿ. ಬರೀ ಒಟ್ಟೇಲಿ ಇನ್ನಾ ಅದಿನಾರು ತಿರುವು ಇಳಿಯಕ್ಕಾಯ್ತದಾ?"

"ತಂಗಿಗೆ ಮೀಸಲು ಕಣಪ್ಪ. ಅವಳಿಗಿಂತ ಮುಂಚೆ ನಾನು ತಿನ್ನಬಾರದು."

"ನೀವು ಕೆಳಕ್ಕೆ ಬಿದ್ರೆ ನಾನು ಅಣ್ಣಿನ ಚಿಪ್ಪು ತಕ್ಕೊಂಡೋಗಿ ಆ ಎಣ್ಣುಮಗೀಗೆ ಏನಂತ ಏಳ್ಲಿ?"

ಬದರಿ ತಿಂದ. ತಡೆಗೋಡೆಯ ಮೇಲೆ ಕೂತು, ಕಳ್ಳನಂತೆ, ಒಂದೇ ಒಂದು. ಜನ್ಮದಲ್ಲಿ ಅಂಥ ಹಣ್ಣು ತಿಂದಿರಲಿಲ್ಲ ಎಂದು ಆಮೇಲೆ ಹೇಳಿದ. ನಡುಕ ನಿಂತಿತು. ಉಳಿದ ತಿರುವುಗಳನ್ನು ಸೈಕಲ್ಲಿನ ಮೇಲೇ ಇಳಿದ. ಬಣ್ಣಾರಿ ಮುಟ್ಟುವಾಗ ಬ್ರೇಕಿನ ರಬ್ಬರು ಸವೆದು ಬರೀ ಕಬ್ಬಿಣ ಕಿರುಚುತ್ತಿತ್ತು.

ಸಂಜೆ ಐದರ ಸುಮಾರಿಗೆ ಸತ್ಯಮಂಗಲದ ಆ ಮನೆಯ ಮುಂದೆ ಬೆಲ್ಲು ಕೇಳಿಸಿತು. ಒಳಗಿನಿಂದ ರಂಗನಾಯಕಿಯಮ್ಮನವರ ದನಿ: "ಭಾನುವಾರವೂ ಪೋಸ್ಟಾ? ಚಂಪಕಾ, ನಿಮ್ಮಣ್ಣ ನೋಡು."

ಚಂಪಕ ಬಾಗಿಲಿಗೆ ಬಂದಳು. ನೋಡಿದಳು. ತೋಳಿನಲ್ಲಿ ಬಾಯಿ ಮುಚ್ಚಿಕೊಂಡು ಬಾಗಿಲ ಚೌಕಟ್ಟಿಗೆ ಒರಗಿದಳು. ಕಪ್ಪಾಗಿ, ಸೊರಗಿ, ಅಂಗಿಯ ಗುಂಡಿ ಬಿಚ್ಚುತ್ತ ನಿಂತಿದ್ದ ಅಣ್ಣ, "ಪೋಸ್ಟಿನಲ್ಲಿ ಕಳಿಸಬೇಡ ಅಂದಿದ್ಯಲ್ಲ" ಎಂದ.

ಕೈಕಾಲು ತೊಳೆಸಿ ಒಳಗೆ ಕೂರಿಸಿದರು. ಜಲಜಮ್ಮನ ಚೀಟಿ ಓದಿ ರಂಗನಾಯಕಿಯಮ್ಮ ಹಣ್ಣು ಎಣಿಸಿದರು. ಮತ್ತೊಮ್ಮೆ ಎಣಿಸಿದರು. "ಹದಿನಾಲ್ಕು ಅಂತ ಬರೆದಿದಾರೆ. ಹದಿಮೂರೇ ಇದೆಯಲ್ಲ? ಚಿಪ್ಪಿನ ನಡುವೆ ಒಂದು ಕಿತ್ತ ಹಾಗಿದೆ."

ಬದರಿ ತಂಗಿಯ ಕಡೆ ನೋಡಿದ. ತಂಗಿಯ ಮೀಸಲು ಹಣ್ಣನ್ನು ದಾರಿಯಲ್ಲಿ ತಿಂದೆನೆಂದು ಬೀಗಿತ್ತಿಯ ಮುಂದೆ ಹೇಳುವುದು ಹೇಗೆ? ಮೂರು ವರ್ಷದ ಹಂಗಿಸುವಿಕೆಗೆ ಇನ್ನು ಮೂವತ್ತು ವರ್ಷ ಸೇರುತ್ತಿತ್ತು.

"ಘಾಟಿಯಲ್ಲಿ ಒಂದು ಆನೆ..." ಎಂದು ಶುರುಮಾಡಿದ.

ರಂಗನಾಯಕಿಯಮ್ಮನವರ ಕಣ್ಣು ಅಗಲವಾದವು. ಎರಡೂ ಕೈ ಜೋಡಿಸಿದರು. "ಗಜರಾಜನಿಗೆ ಮೊದಲನೇ ಹಣ್ಣು! ಬಸುರಿಗೆ ಇದಕ್ಕಿಂತ ಶುಭ ಬೇಕೇನಪ್ಪಾ?" ಎಂದು ಎದ್ದುಹೋಗಿ ದೇವರಿಗೆ ತುಪ್ಪದ ದೀಪ ಹಚ್ಚಿದರು. ಕತ್ತಲಾಗುವಷ್ಟರಲ್ಲಿ ಬೀದಿಯ ಹೆಂಗಸರೆಲ್ಲ ಬಂದು ಆನೆಗೆ ಹಣ್ಣು ಕೊಟ್ಟ ಕೈಯನ್ನು ನೋಡಿಹೋದರು. ಇನ್ನು ಸುಳ್ಳನ್ನು ಹಿಂದಕ್ಕೆ ಪಡೆಯುವುದು ಆಗುವ ಮಾತಾಗಿರಲಿಲ್ಲ. ಚಂಪಕ ಒಂದು ಹಣ್ಣು ಸುಲಿದು ಬಾಯಿಗಿಟ್ಟಳು, ಕಣ್ಣು ಮುಚ್ಚಿಕೊಂಡಳು. ಅಣ್ಣ ಎವೆಯಿಕ್ಕದೆ ನೋಡುತ್ತಿದ್ದ.

"ಹೇಗಿದೆಯೇ?"

"ಅಮೃತ" ಎಂದಳು.

ಆಮೇಲೆ ವರ್ಷವರ್ಷವೂ ಗೌರಿಹಬ್ಬಕ್ಕೆ ಬಾಗಿನದ ಮೊರ ಕ್ಯಾರಿಯರಿನ ಮೇಲೆ ದಿಂಬಂ ದಾಟಿತು. ರಂಗನಾಯಕಿಯಮ್ಮ ಬದರಿ ಬರುವ ದಿನ ತಾವೇ ಬಾಗಿಲಲ್ಲಿ ನಿಂತಿರುತ್ತಿದ್ದರು, ಮೊದಲು ಆನೆಯ ಸಮಾಚಾರ ಕೇಳುತ್ತಿದ್ದರು. ಕೇಳಿದವರಿಗೆ ಇಲ್ಲವೆನ್ನಲಾರದೆ ಆನೆಗಳು ಐದಾದದ್ದು ಹೀಗೆ. ಹುಟ್ಟಿದ ಹುಡುಗಿಗೆ ಈಗ ಒಂಬತ್ತು. ಕಿವಿ ಎರಡೂ ಚೆನ್ನಾಗಿವೆ.

ಆಸ್ಪತ್ರೆಯಲ್ಲಿ ಕೊನೆಯ ವಾರ, ಒಂದು ಮಧ್ಯಾಹ್ನ, ಬದರಿ ಶ್ರೀಕಂಠನಿಗೆ ಹೊಗೆಸೊಪ್ಪು, ವಾಂತಿ, ತಿಂದ ಹಣ್ಣು ಎಲ್ಲವನ್ನೂ ಹೇಳಿದ. ಹೇಳಿ, "ಚಂಪಕಂಗೆ ಮಾತ್ರ ಹೇಳಬೇಡ ಕಣೋ. ಆ ಹದಿಮೂರು ಹಣ್ಣಾದ್ರೂ ಚೆನ್ನಾಗಿ ಮುಟ್ಟಿದ್ವು, ಅದೊಂದು ಸಮಾಧಾನ" ಎಂದ.

ಹದಿಮೂರನೆಯ ದಿನದ ಊಟ ಮುಗಿದು ಬಂದವರೆಲ್ಲ ಹೋದ ಮೇಲೆ, ಚಂಪಕ ಮತ್ತು ಶ್ರೀಕಂಠ ಜಗಲಿಯಲ್ಲಿ ಕೂತಿದ್ದರು. ಸೈಕಲ್ಲು ಎದುರಿಗೇ ಇತ್ತು. ಅವಳೇ ಮಾತು ತೆಗೆದಳು.

"ಶ್ರೀಕಂಠಣ್ಣ, ಯಾವ ಆನೆಯೂ ಬಂದಿರಲಿಲ್ಲ, ಅಲ್ವಾ? ಆವತ್ತು ಅಣ್ಣನ ಅಂಗಿ ಮೇಲೆ ಹಣ್ಣಿನ ನಾರು ಅಂಟಿಕೊಂಡಿತ್ತು. ನಮ್ಮತ್ತೆ ನೋಡೋಕೆ ಮುಂಚೆ ನಾನೇ ತೆಗೆದೆ."

ಶ್ರೀಕಂಠ ಸೈಕಲ್ಲಿನ ಕಡೆ ಮುಖ ತಿರುಗಿಸಿದ.

"ಅದಿರಲಿ. ಆ ಹಣ್ಣು! ಅಯ್ಯೋ, ಒಂದೊಂದೂ ಹೊಗೆಸೊಪ್ಪಿನ ವಾಸನೆ. ಬಾಯಿಗಿಟ್ಟರೆ ಹೊಟ್ಟೆ ತೊಳೆಸುತ್ತಿತ್ತು. ಎರಡು ದಿನ, ಬಾಗಿಲು ಹಾಕಿಕೊಂಡು, ಮೂಗು ಹಿಡಿದುಕೊಂಡು ಹದಿಮೂರೂ ತಿಂದೆ. ಒಂದು ಬೇರೆಯವರ ಬಾಯಿಗೆ ಹೋಗಿದ್ದರೂ ಅಣ್ಣನ ಮಾನ ಹೋಗುತ್ತಿತ್ತು." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಇವತ್ತಿಗೂ ಯಾರಾದರೂ ಪಕ್ಕದಲ್ಲಿ ಹೊಗೆಸೊಪ್ಪಿನ ಡಬ್ಬಿ ತೆಗೆದರೆ ನನಗೆ ತೌರು ನೆನಪಾಗುತ್ತೆ."

ಶ್ರೀಕಂಠನಿಗೆ ನಗು ಬಂತು, ತಡೆಯಲಾಗದಷ್ಟು. ಅವಳೂ ನಕ್ಕಳು. ನಗುತ್ತ ನಗುತ್ತಲೇ, ಇದನ್ನು ಈಗಲೇ ಬದರಿಗೆ ಹೇಳಬೇಕು ಎಂದು ಅವನು ಜಗಲಿಯಿಂದ ಎದ್ದೂ ಬಿಟ್ಟ.